ಕೇಳುವುದಕ್ಕೊಂದು ಬಾಗಿಲು

ಹೋದ ಭಾನುವಾರ ಬೆಳಿಗ್ಗೆ ಎರಡನೇ ಕಾಫಿ ಮುಗಿಸಿ ಪುರವಣಿ ಬಿಡಿಸುತ್ತಿದ್ದೆ. ಗೇಟಿನ ಚಿಲಕ ಸದ್ದಾಯಿತು. ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಹುಡುಗನ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ. ಒಬ್ಬಾಕೆಯ ಮುಖ ಕಂಡದ್ದೇ. ವಿಜಯನಗರ ಎರಡನೇ ಹಂತದ ನಮ್ಮ ರಸ್ತೆಯಲ್ಲೇ, ನಾಲ್ಕು ಮನೆಯಾಚೆ, ಮಹಡಿಯ ಮೇಲಿನ ಪಿ.ಜಿ.ಯಲ್ಲಿ ಎರಡು ವರ್ಷದಿಂದ ಇದ್ದಾಳೆ. ಈ ಎರಡು ವರ್ಷದಲ್ಲಿ ನಾವು ಮಾತಾಡಿದ್ದು ಒಂದೇ ಸಲ. ಅದೂ ನಲ್ಲಿಯಲ್ಲಿ ನೀರು ಬಾರದೆ ಬೀದಿಯವರೆಲ್ಲ ಟ್ಯಾಂಕರಿಗೆ ಕಾದು ನಿಂತ ದಿನ.

"ಸರ್, ಹತ್ತು ನಿಮಿಷ ಸಿಗಬಹುದಾ?" ಎಂದಳು. ಹತ್ತು ನಿಮಿಷ ಎಂದು ಬಂದವರು ಎದ್ದು ಹೋದಾಗ ಹನ್ನೊಂದೂವರೆಯಾಗಿತ್ತು; ನನ್ನಾಕೆ ಉಪ್ಪಿಟ್ಟನ್ನು ಎರಡು ಸಲ ಮಾಡಬೇಕಾಯಿತು.

ಮೂವರೂ ಕಂಪ್ಯೂಟರ್ ಓದುವವರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಆ್ಯಪ್ ಮಾಡುತ್ತಿದ್ದಾರೆ. ವಿಶ್ವವಿದ್ಯಾಲಯದ ಈಗಿನ ವಿದ್ಯಾರ್ಥಿಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಅದು ಜೋಡಿಸಬೇಕು. ಹಳಬರು ಹೊಸಬರಿಗೆ ಮಾರ್ಗದರ್ಶಕರಾಗಬೇಕು. ನಾನೂ ಗಂಗೋತ್ರಿಯಲ್ಲಿ ಓದಿದವನು, ಮೇಷ್ಟ್ರಾಗಿ ನಿವೃತ್ತನಾದವನು ಎಂದು ಅವರ ಮನೆಯ ಮಾಲೀಕರು ಹೇಳಿದರಂತೆ. "ಹಳೆಯ ವಿದ್ಯಾರ್ಥಿಯೊಬ್ಬರ ಅಭಿಪ್ರಾಯ ಬೇಕಿತ್ತು ಸರ್" ಎಂದರು. ಇಷ್ಟು ಹಳೆಯ ವಿದ್ಯಾರ್ಥಿ ಸಾಕೇ ಎಂದು ಕೇಳಿದೆ. ಪಾಪ, ನಗಬೇಕೋ ಬೇಡವೋ ತಿಳಿಯದೆ ಮುಖ ನೋಡಿದರು.

ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಚೆನ್ನಾಗಿಯೇ ಇತ್ತು. ವಿದ್ಯಾರ್ಥಿ ತನ್ನ ವಿಷಯ, ಊರು, ಆಸಕ್ತಿ, ಆಗಬೇಕೆಂದಿರುವ ಉದ್ಯೋಗ ಎಲ್ಲ ತುಂಬುತ್ತಾನೆ. ಹಳೆಯ ವಿದ್ಯಾರ್ಥಿಯೂ ಹಾಗೆಯೇ. ಯಂತ್ರ ಎರಡನ್ನೂ ತಾಳೆ ನೋಡಿ, ಇವರಿಗೆ ಇವರು ನೂರಕ್ಕೆ ಎಂಬತ್ತೇಳು ಭಾಗ ಹೊಂದುತ್ತಾರೆ ಎಂದು ಹೇಳುತ್ತದೆ. ಮದುವೆಯ ಜಾತಕದಂತೆ ಕಂಡಿತು, ಹಾಗೆನ್ನಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಜೋಡಿಯೇನೋ ಸಿಕ್ಕಿತು. ಈಗ ವಿದ್ಯಾರ್ಥಿ ಮೊದಲ ಸಾಲು ಏನು ಬರೆಯುತ್ತಾನೆ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಪಿ.ಜಿ.ಯ ಹುಡುಗಿ ಹೇಳಿದಳು. ಅವಳದು ಹೆಗ್ಗಡದೇವನಕೋಟೆ ಕಡೆಯ ಹಳ್ಳಿ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೇ ಮೊದಲು. "ನಾನಾದರೆ 'ನಮಸ್ತೆ ಸರ್' ಅಂತ ಬರೆದು ಸುಮ್ಮನಾಗ್ತೀನಿ. ಅವರು 'ಹೇಳಿ' ಅಂದ್ರೆ ಏನು ಹೇಳಬೇಕು ಅಂತಾನೇ ಗೊತ್ತಾಗಲ್ಲ."

ನೋಡಿ, ಇಡೀ ಕಷ್ಟ ಇಲ್ಲಿದೆ.

ಜೋಡಿ ಮಾಡುವ ಗಣಿತವೇನೂ ಹೊಸದಲ್ಲ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬಿಬ್ಬರು ಅದನ್ನು 1962ರಲ್ಲೇ ಸೊಗಸಾಗಿ ಬಿಡಿಸಿಟ್ಟರು. ಆ ದಾರಿಯ ಕೆಲಸಕ್ಕೆ 2012ರಲ್ಲಿ ಶೇಪ್ಲಿಗೂ ಆಲ್ವಿನ್ ರಾತ್ ಎಂಬವರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಆ ಗಣಿತಕ್ಕೆ ಎರಡು ಕಡೆಯವರಿಗೂ ತಮಗೆ ಬೇಕಾದದ್ದು ಏನೆಂದು ಗೊತ್ತಿರಬೇಕು. ನಮ್ಮ ವಿದ್ಯಾರ್ಥಿಗೆ ಗೊತ್ತಿಲ್ಲದಿರುವುದೇ ಅದು. ಗೊತ್ತಿದ್ದಿದ್ದರೆ ಅರ್ಧ ಮಾರ್ಗದರ್ಶನ ಮುಗಿದ ಹಾಗೆಯೇ.

ಹಿಂದೆ ಇದನ್ನೆಲ್ಲ ಹೇಗೆ ನಡೆಸುತ್ತಿದ್ದರು? 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವುದಕ್ಕೂ ಮೊದಲಿನಿಂದ ಈ ಊರು ಓದುವ ಹುಡುಗರ ಊರು. ವಾರಾನ್ನದ ಕಾಲ ಅದು. ಸೋಮವಾರ ವಕೀಲರ ಮನೆ, ಮಂಗಳವಾರ ಅಮಲ್ದಾರರ ಮನೆ, ಬುಧವಾರ ಮೇಷ್ಟ್ರ ಮನೆ ಎಂದು ಹಳ್ಳಿಯ ಹುಡುಗ ದಿನಕ್ಕೊಂದು ಮನೆಯ ಊಟ ಮಾಡಿ ಓದುತ್ತಿದ್ದ. ಊಟದ ಜೊತೆಗೆ, ಯಾರೂ ಹೆಸರಿಡದ ಇನ್ನೊಂದು ವಸ್ತುವೂ ಸಿಗುತ್ತಿತ್ತು: ವಾರಕ್ಕೆ ಏಳು ಮನೆಯ ಹಿರಿಯರ ಪರಿಚಯ. ಎಲೆಯ ಮುಂದೆ ಕೂತಾಗ "ಏನೋ, ಮುಂದೇನು ಮಾಡ್ತೀಯ?" ಎಂದು ಅವರೇ ಕೇಳುತ್ತಿದ್ದರು. ಹುಡುಗ ಪ್ರಶ್ನೆ ಹುಡುಕಬೇಕಾಗಿರಲಿಲ್ಲ. ತಾತಯ್ಯ ಎಂದೇ ಊರೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯವೂ ಅಂಥದೇ ಆಸರೆ.

ಆದರೆ ವಾರಾನ್ನವನ್ನು ನೆನೆದು ಕಣ್ಣೊರೆಸಿಕೊಳ್ಳುವವನು ನಾನಲ್ಲ. ಆ ಬಾಗಿಲು ಎಲ್ಲ ಜಾತಿಗೂ ತೆರೆದಿರಲಿಲ್ಲ. ಹುಡುಗಿಯರಿಗಂತೂ ಬಾಗಿಲೇ ಇರಲಿಲ್ಲ. ಅಡುಗೆಮನೆ ನೋಡಿ ಪರಿಚಯ, ಪರಿಚಯ ನೋಡಿ ಕೆಲಸ. ಇವತ್ತಿಗೂ ಬೆಂಗಳೂರಿನಲ್ಲಿ ಚಿಕ್ಕಪ್ಪನೋ ಭಾವನೋ ಇರುವವನಿಗೆ ಯಾವ ಆ್ಯಪೂ ಬೇಡ. ಒಂದು ಫೋನು ಸಾಕು. ಚಿಕ್ಕಪ್ಪನಿಲ್ಲದ ಮಕ್ಕಳಿಗೆ ಚಿಕ್ಕಪ್ಪನನ್ನು ಹುಡುಕಿಕೊಡುವ ಕೆಲಸ ಇದು. ಅದಕ್ಕೇ ಈ ಮೂವರ ಪ್ರಾಜೆಕ್ಟು ನನಗೆ ಬರಿಯ ಅಂಕದ ವಿಷಯವಾಗಿ ಕಾಣಲಿಲ್ಲ.

ಪಂಡಿತರೂ ಇದನ್ನು ಬೇರೆ ಮಾತಿನಲ್ಲಿ ಹೇಳಿದ್ದಾರೆ. ಉದ್ಯೋಗದ ಸುದ್ದಿ ತರುವವರು ಆಪ್ತರಲ್ಲ, ಅಪರೂಪಕ್ಕೆ ಸಿಗುವ ಪರಿಚಯದವರು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದರು. ಲಿಂಕ್ಡ್‌ಇನ್ ಬಳಸುವ ಸುಮಾರು ಎರಡು ಕೋಟಿ ಜನರ ಲೆಕ್ಕ ಹಿಡಿದು 2022ರಲ್ಲಿ ಬಂದ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಕೋಟೆಯ ಹುಡುಗಿಗೆ ಆಪ್ತರಿಗೇನೂ ಕೊರತೆಯಿಲ್ಲ, ಹಟ್ಟಿ ತುಂಬ ಇದ್ದಾರೆ. ಇಲ್ಲದಿರುವುದು ಆ ದೂರದ ಪರಿಚಯ.

ನಮ್ಮ ವಿಜಯನಗರವನ್ನೇ ತೆಗೆದುಕೊಳ್ಳಿ. ಹುಣಸೂರು ರಸ್ತೆ ದಾಟಿದರೆ ಮಾನಸಗಂಗೋತ್ರಿ. ಇತ್ತ ಒಂದನೇ ಹಂತದಿಂದ ನಾಲ್ಕನೇ ಹಂತದವರೆಗೆ ನಡೆದು ಹೋದರೆ ನಿವೃತ್ತ ಪ್ರಾಧ್ಯಾಪಕರು, ಎಂಜಿನಿಯರುಗಳು, ಬ್ಯಾಂಕಿನವರು, ಅರಣ್ಯ ಇಲಾಖೆಯವರು ಬೇಕಾದಷ್ಟು ಸಿಗುತ್ತಾರೆ. ಕೆಳಗಿನ ಮನೆಯಲ್ಲಿ ಅವರು. ಮೇಲಿನ ಮನೆಯಲ್ಲಿ ಬಾಡಿಗೆಗೆ ವಿದ್ಯಾರ್ಥಿಗಳು. ನಡುವೆ ಇಪ್ಪತ್ತು ಮೆಟ್ಟಿಲು. ಆ ಮೆಟ್ಟಿಲಿನ ಮೇಲೆ ನಡೆಯುವ ಮಾತುಕತೆ ಎಂದರೆ "ಗೇಟು ಹಾಕಿ", "ಮೋಟರ್ ಆಫ್ ಮಾಡಿ", "ಬೈಕು ಅಡ್ಡ ನಿಲ್ಲಿಸಬೇಡಿ." ಯಂತ್ರ ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯನ್ನು ಹುಡುಕಲಿ, ಬೇಡವೆನ್ನುವುದಿಲ್ಲ. ಮೊದಲು ಕೆಳಗಿನ ಮನೆಯವರನ್ನು ತೋರಿಸಲಿ.

ಇರಲಿ. ಕೇಳುವುದು ಹೇಗೆ ಎಂಬಲ್ಲಿಗೆ ಬರುತ್ತೇನೆ. ಅವರಿಗೆ ನಾನು ಕುವೆಂಪು ಅವರ ಸಂಗತಿ ಹೇಳಿದೆ. ವಿದ್ಯಾರ್ಥಿಯಾಗಿದ್ದಾಗ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 'ಬಿಗಿನರ್ಸ್ ಮ್ಯೂಸ್' ಎಂಬ ಪುಟ್ಟ ಪುಸ್ತಕ 1922ರಲ್ಲೇ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ತಮ್ಮ ಇಂಗ್ಲಿಷ್ ಪದ್ಯಗಳನ್ನು ಹಿಡಿದುಕೊಂಡು ಹೋಗಿ ತೋರಿಸಿದರು. ನಿಮ್ಮ ಭಾಷೆಯಲ್ಲಿ ಬರೆಯಬಾರದೇಕೆ ಎಂಬ ಅರ್ಥದ ಮಾತನ್ನು ಕಸಿನ್ಸ್ ಹೇಳಿದರು. ಮುಂದಿನದು ಎಲ್ಲರಿಗೂ ಗೊತ್ತು. ಕಸಿನ್ಸ್ ಏನೂ ವರ್ಷಗಟ್ಟಲೆ ಮಾರ್ಗದರ್ಶನ ಮಾಡಲಿಲ್ಲ. ಒಂದು ಭೇಟಿ, ಒಂದು ಮಾತು. ಆಮೇಲೆ ಎಂ.ಎ.ಗೆ ತತ್ವಶಾಸ್ತ್ರವೆಂದುಕೊಂಡಿದ್ದವರನ್ನು ಕನ್ನಡಕ್ಕೆ ಎಳೆದವರು ಟಿ.ಎಸ್. ವೆಂಕಣ್ಣಯ್ಯನವರು. ಅದು ಬೇರೆ ಬಗೆಯ, ನಿಜಕ್ಕೂ ಗುರುಶಿಷ್ಯರ ಸಂಬಂಧ. 'ಶ್ರೀ ರಾಮಾಯಣ ದರ್ಶನಂ' ಅರ್ಪಣೆಯಾಗಿರುವುದು ಅವರಿಗೇ.

ವೆಂಕಣ್ಣಯ್ಯನವರನ್ನು ಯಾವ ಯಂತ್ರವೂ ಮಾಡಿಕೊಡಲಾರದು. ಕಸಿನ್ಸ್ ಭೇಟಿಯನ್ನು ಮಾಡಿಸಬಹುದು. ಆ ಭೇಟಿ ನಡೆದದ್ದು ಹುಡುಗನ ಕೈಯಲ್ಲಿ ಒಂದು ಕಟ್ಟು ಹಾಳೆ ಇದ್ದದ್ದರಿಂದ. "ನಮಸ್ತೆ ಸರ್" ಎಂದು ಬರಿಗೈಯಲ್ಲಿ ಹೋಗಿದ್ದರೆ ಕಸಿನ್ಸ್ ಏನು ಹೇಳಬಹುದಿತ್ತು?

ಹಾಗಾಗಿ ನನ್ನ ಸಲಹೆ ಇಷ್ಟೇ ಆಗಿತ್ತು. ಪುಟಗಟ್ಟಲೆ ವಿವರ ತುಂಬಿಸಬೇಡಿ. ವಿದ್ಯಾರ್ಥಿ ಕೈಯಲ್ಲಿರುವ ಒಂದು ವಸ್ತು ಹಾಕಲಿ: ಅರ್ಜಿಯ ಕರಡು, ಪ್ರಾಜೆಕ್ಟಿನ ಒಂದು ಪುಟ, ಬಂದಿರುವ ಎರಡು ಕೆಲಸದ ಪತ್ರ, ಏನಾದರೂ. ಅದರ ಕೆಳಗೆ ಒಂದೇ ಪ್ರಶ್ನೆ. ಕನ್ನಡದಲ್ಲಿ ಬರೆಯಬಹುದು, ಬರೆಯಲಾರದವರು ಮಾತಾಡಿ ಕಳಿಸಬಹುದು. ಏನು ಕೇಳಬೇಕೆಂದು ಹೊಳೆಯದವರಿಗೆ ಹಿಂದಿನವರು ಕೇಳಿದ ಪ್ರಶ್ನೆಗಳು, ಹೆಸರು ಅಳಿಸಿ, ಕಣ್ಣಿಗೆ ಬೀಳಲಿ. ಹಳೆಯ ವಿದ್ಯಾರ್ಥಿಯ ಕಡೆಯಿಂದ 'ಮಾರ್ಗದರ್ಶಕ' ಎಂಬ ಭಾರದ ಮಾತು ತೆಗೆದುಬಿಡಿ. ಆ ಮಾತು ಕೇಳಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಎಲ್ಲಿ ಕೆಲಸ ಕೊಡಿಸಿ ಎಂದು ಗಂಟುಬೀಳುತ್ತಾರೋ ಎಂಬ ಭಯ ಬೇರೆ. ತಿಂಗಳಿಗೆ ಮೂರು ಪ್ರಶ್ನೆ, ಹತ್ತು ದಿನದೊಳಗೆ ಉತ್ತರ, ಇಷ್ಟಕ್ಕೆ ಒಪ್ಪುವವರನ್ನು ಮಾತ್ರ ಸೇರಿಸಿಕೊಳ್ಳಿ. ಮೂರಾದ ಮೇಲೆ ಆ ಬಾಗಿಲು ಮುಂದಿನ ತಿಂಗಳವರೆಗೆ ಮುಚ್ಚಲಿ. ಇಲ್ಲವಾದರೆ ಮೈಸೂರಿನ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಸಿ.ಎನ್.ಆರ್. ರಾವ್, ನಾರಾಯಣಮೂರ್ತಿ ಎಂಬ ಹೆಸರು ಕಂಡರೆ ಎಲ್ಲರೂ ಅವರಿಗೇ ಬರೆಯುತ್ತಾರೆ, ಹುಣಸೂರಿನಲ್ಲಿ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಕೆಲಸದ ಸಂದರ್ಶನದಲ್ಲಿ ಏನು ಕೇಳಿದರು ಎಂಬುದು ನೆನಪಿರುವುದು ಅವಳಿಗೇ.

ಇನ್ನೊಬ್ಬ ಹುಡುಗಿ ಅಲ್ಲಿಯವರೆಗೂ ಮಾತಾಡಿರಲಿಲ್ಲ. "ಸರ್, ಎಲ್ಲಕ್ಕಿಂತ ಮೊದಲು ನನ್ನ ನಂಬರ್ ಅವರಿಗೆ ಹೋಗಬಾರದು" ಎಂದಳು. ನನಗೆ ಹೊಳೆಯದಿದ್ದ ಸಂಗತಿ. ಗಂಡಸರಿಗೆ ತಡವಾಗಿಯೇ ಹೊಳೆಯುವಂಥದು. ಮಾತೆಲ್ಲ ಆ್ಯಪಿನೊಳಗೇ ನಡೆಯಬೇಕು. ಅಸಭ್ಯವೆನಿಸಿದರೆ ಒಂದು ಗುಂಡಿ ಒತ್ತಿದ ಕೂಡಲೇ ವಿಭಾಗದ ಅಧ್ಯಾಪಕಿಯೊಬ್ಬರಿಗೆ ಗೊತ್ತಾಗಬೇಕು. ಹುಡುಗ ಕಾನೂನು ಓದಿಕೊಂಡಿದ್ದ: 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯಿದೆಯಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಬೇಕು. ಮೊದಲ ವರ್ಷದ ಡಿಗ್ರಿಗೆ ಬರುವವರಲ್ಲಿ ಹದಿನೇಳರವರೂ ಇರುತ್ತಾರಲ್ಲ!

ಯಾರ ಹಳೆಯ ವಿದ್ಯಾರ್ಥಿಗಳು ಎಂಬ ತಕರಾರೂ ಬಂತು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಎಂದು ಮೈಸೂರಿನ ಮನೆ ಹಿಸ್ಸೆಯಾಗುತ್ತ ಬಂದಿದೆ. 2023ರಲ್ಲಿ ಆರಂಭವಾದ ಚಾಮರಾಜನಗರ ವಿಶ್ವವಿದ್ಯಾಲಯಕ್ಕೆ ಸೇರಿದ ಹುಡುಗಿಗೆ ಹಳೆಯ ವಿದ್ಯಾರ್ಥಿಗಳನ್ನು ಎಲ್ಲಿಂದ ತರುವುದು? ಮೈಸೂರಿನ ಮೊಹರು ಹೊತ್ತ ಹಳಬರೆಲ್ಲ ಅವಳಿಗೂ ಹಳಬರೇ ಆಗಬೇಕು. ಹಳೆಯ ವಿದ್ಯಾರ್ಥಿಗಳ ಸಂಘಗಳಿಗೇನು ಕೊರತೆ? ನ್ಯಾಕ್ ತಂಡ ಬರುವ ತಿಂಗಳಲ್ಲಿ ಒಂದು ಸಭೆ, ಒಂದು ಊಟ, ಒಂದು ಗುಂಪು ಫೋಟೋ. ವಿದ್ಯಾರ್ಥಿಗಳು ಎಲೆ ಹಾಕಲು ಬರುತ್ತಾರೆ.

ಇಷ್ಟೆಲ್ಲ ಉಪದೇಶ ಮಾಡಿದವನು ನನ್ನದನ್ನೂ ಹೇಳಬೇಕು. ಮೇಷ್ಟ್ರಾಗಿದ್ದಾಗ ಒಬ್ಬ ಹಳೆಯ ಶಿಷ್ಯ ಇನ್‌ಲ್ಯಾಂಡ್ ಪತ್ರ ಬರೆದಿದ್ದ. ಬಿ.ಎ. ಆದವನು ಗ್ರಂಥಾಲಯ ವಿಜ್ಞಾನ ಓದಬಹುದೇ, ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಕೇಳಿದ್ದ. ಇಂಥ ಪತ್ರಕ್ಕೆ ನಿಧಾನವಾಗಿ ಕೂತು, ಅವನ ಮುಂದಿನ ಬದುಕಿನ ಬಗ್ಗೆಯೆಲ್ಲ ನಾಲ್ಕು ಮಾತು ಸೇರಿಸಿ, ಒಳ್ಳೆಯ ಉತ್ತರ ಬರೆಯಬೇಕೆಂದು ಒಂದು ನಿಘಂಟಿನಲ್ಲಿ ಎತ್ತಿಟ್ಟೆ. ಮನೆ ಬದಲಾಯಿಸಿ ವಿಜಯನಗರಕ್ಕೆ ಬಂದಾಗ ಪುಸ್ತಕ ಜೋಡಿಸುತ್ತಿದ್ದೆ, ಪತ್ರ ಕೆಳಗೆ ಬಿತ್ತು. ಹನ್ನೊಂದು ವರ್ಷವಾಗಿತ್ತು. ಎರಡು ಸಾಲಿನ ಉತ್ತರ. ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ಅವನು ಆಮೇಲೆ ಏನು ಓದಿದನೋ ತಿಳಿಯದು.

ಇದನ್ನು ಆ ಮಕ್ಕಳಿಗೆ ಹೇಳಿದೆ. ಹುಡುಗ ಏನೋ ಬರೆದುಕೊಂಡ. "ಉತ್ತರ ಎಷ್ಟು ಉದ್ದ ಇರಬಹುದು ಅಂತ ಮಿತಿ ಹಾಕೋಣ ಸರ್" ಎಂದ. ಜಾಣ.

ಬುಧವಾರ ಸಂಜೆ ನನ್ನ ಫೋನಿಗೆ ಅವರ ಆ್ಯಪಿನಿಂದ ಮೊದಲ ಪ್ರಶ್ನೆ ಬಂತು. ಹೆಸರಿಲ್ಲ, ಆದರೆ ಯಾರದೆಂದು ಗೊತ್ತಾಯಿತು. ಎರಡು ಪುಟದ ಅರ್ಜಿ ಲಗತ್ತಿಸಿದ್ದಾಳೆ. "ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ. ನನಗೆ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಇಷ್ಟ. ಈ ಅರ್ಜಿ ನೋಡಿದರೆ ನನ್ನನ್ನು ಕರೀತಾರಾ?" ನನಗೆ ಸಾಫ್ಟ್‌ವೇರಿನ ಗಂಧವಿಲ್ಲ. ಗೊತ್ತಿಲ್ಲ ಎಂದು ಬರೆದು ಗೊತ್ತಿರುವವರಿಗೆ ದಾಟಿಸಲು ಒಂದು ಗುಂಡಿ ಬೇಕೆಂದು ಅವರಿಗೆ ಹೇಳಿರಲಿಲ್ಲ, ಈಗ ಹೇಳಬೇಕು. ಹೆಬ್ಬಾಳದ ಕಂಪನಿಯೊಂದರಲ್ಲಿ ಅದೇ ಕೆಲಸ ಮಾಡುವ ಹಳೆಯ ಶಿಷ್ಯೆಯೊಬ್ಬಳಿಗೆ ರಾತ್ರಿಯೇ ಫೋನ್ ಮಾಡಿದೆ. ಎಷ್ಟೋ ವರ್ಷದ ಮೇಲೆ ಮಾತಾಡಿದ್ದು. ಕುಶಲ ಕೇಳಿಯಾದ ಮೇಲೆ ವಿಷಯ ಹೇಳಿದೆ.

"ಅರ್ಜಿ ಕಳಿಸಿ ಸರ್, ಶನಿವಾರ ನೋಡ್ತೀನಿ" ಎಂದಳು. ಆಮೇಲೆ ತಡೆದು, "ಆ ಹುಡುಗಿ ಎಲ್ಲಿರೋದು?" ಎಂದು ಕೇಳಿದಳು.

ನಾಲ್ಕು ಮನೆಯಾಚೆ ಎಂದೆ.