ಬ್ಯಾಟರಿಯೊಳಗೆ ಇಣುಕುವ ಬೆಳಕು

ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬದ ಕಡೆ ಮರ ಬಿದ್ದು ತಂತಿ ತುಂಡಾದರೆ ಕರೆಂಟು ಯಾವಾಗ ಬಂದೀತೆಂದು ಹೇಳುವಂತಿಲ್ಲ. ಇನ್ವರ್ಟರ್ ಕೊಳ್ಳಲು ಹೋದರೆ ಅಂಗಡಿಯವರು 'ಲೀಥಿಯಂ ಹಾಕಿಸಿ, ನೀರು ಹೊಯ್ಯುವ ರಗಳೆಯಿಲ್ಲ' ಎನ್ನುತ್ತಾರೆ. ಮೊಬೈಲ್ ಬ್ಯಾಟರಿ ಹೊತ್ತಿ ಉರಿದ ಸುದ್ದಿ ಓದಿದ ತಾಯಂದಿರಿಗೆ ಮಕ್ಕಳು ಮಲಗುವ ಕೋಣೆಯ ಪಕ್ಕ ಅದನ್ನಿಡಲು ಹೆದರಿಕೆ. ಈ ಹೆದರಿಕೆ ಬುಡವಿಲ್ಲದ್ದಲ್ಲ. ಆದರೆ ಲೀಥಿಯಂ ಬ್ಯಾಟರಿಗಳೆಲ್ಲ ಒಂದೇ ಜಾತಿಯವಲ್ಲ ಸಹೋದರಿಯರೇ.

ವ್ಯತ್ಯಾಸವಿರುವುದು ಅದರ ಧನ ತುದಿಯಾದ ಕ್ಯಾಥೋಡ್‌ನಲ್ಲಿ. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಕೋಬಾಲ್ಟ್ ಆಕ್ಸೈಡಿನ ಕ್ಯಾಥೋಡನ್ನು ತೋರಿಸಿಕೊಟ್ಟರು. 1991ರಲ್ಲಿ ಸೋನಿ ಕಂಪೆನಿ ಅಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮೊಬೈಲುಗಳಲ್ಲಿ ಇಂದಿಗೂ ಹೆಚ್ಚಾಗಿ ಇರುವುದು ಅದೇ. ಅದರ ರಚನೆ ಒಂದರ ಮೇಲೊಂದು ಪೇರಿಸಿದ ಪತ್ತಿರಿಯ ಹಾಗೆ. ಪದರಗಳ ನಡುವೆ ಲೀಥಿಯಂ ಇರುತ್ತದೆ. ಚಾರ್ಜಿಗೆ ಇಟ್ಟಾಗ ಅದು ಹೊರಡುತ್ತದೆ, ಬಳಸುವಾಗ ಮರಳುತ್ತದೆ. ಅರ್ಧಕ್ಕಿಂತ ಹೆಚ್ಚು ಹೊರಟುಹೋದರೆ ಪದರಗಳು ಸಡಿಲಗೊಳ್ಳುತ್ತವೆ. ಆಗ ಬಿಸಿಯೇರಿದರೆ ಆಮ್ಲಜನಕ ಹೊರಬರುತ್ತದೆ. ಒಲೆಗೆ ಊದಿದಂತೆಯೇ ಸರಿ.

ಕಣ್ಣಿಗೆ ಕಾಣದ ಈ ಪದರಗಳ ಸ್ಥಿತಿಯನ್ನು ತಿಳಿಯುವುದು ಹೇಗೆ? ಸಂತೆಯಲ್ಲಿ ಮಣ್ಣಿನ ಮಡಕೆ ಕೊಳ್ಳುವಾಗ ನಾವು ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ? ಬಿರುಕು ಬಿಟ್ಟದ್ದರ ಸದ್ದೇ ಬೇರೆ. ವಿಜ್ಞಾನಿಗಳು ಬೆಳಕಿನಿಂದ ತಟ್ಟುತ್ತಾರೆ. ಒಂದೇ ಬಣ್ಣದ ಬೆಳಕು ವಸ್ತುವಿನ ಮೇಲೆ ಬಿದ್ದಾಗ ಅದರ ಅತ್ಯಲ್ಪ ಪಾಲು, ಪರಮಾಣುಗಳ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸಿ ಚದುರುತ್ತದೆ. ಸರ್ ಸಿ.ವಿ. ರಾಮನ್ ಇದನ್ನು ಕಲ್ಕತ್ತಾದಲ್ಲಿ 1928ರ ಫೆಬ್ರವರಿ 28ರಂದು ಕಂಡರು. ಮಾರ್ಚ್ 16ರಂದು ಬೆಂಗಳೂರಿನ ಸಭೆಯೊಂದರಲ್ಲಿ ಅದನ್ನು ವಿವರಿಸಿದರು. 1933ರಲ್ಲಿ ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಬ್ಯಾಟರಿಯ ಒಳಗುಟ್ಟು ಹೇಳಲು ಈ ಬೆಳಕು ಬಂದೀತೆಂದು ಆಗ ಯಾರು ಎಣಿಸಿದ್ದರು!

ಕೋಬಾಲ್ಟ್ ಕ್ಯಾಥೋಡ್ ಚೆನ್ನಾಗಿದ್ದರೆ ರಾಮನ್ ಅಳತೆಯಲ್ಲಿ 486 ಮತ್ತು 596ರ ಆಸುಪಾಸು ಎರಡು ಗೆರೆ ಮೂಡುತ್ತವೆ. ಲೀಥಿಯಂ ಹೊರಟಂತೆ ಅವು ಸರಿಯುತ್ತವೆ, ಮಂಕಾಗುತ್ತವೆ. ಪದರ ಮುರಿದು ಬೇರೊಂದು ಆಕ್ಸೈಡ್ ಆಗಿಬಿಟ್ಟಿದ್ದರೆ 690ರ ಹತ್ತಿರ ಹೊಸ ಗೆರೆ ಕಾಣುತ್ತದೆ. ಸಣ್ಣ ಕಿಟಕಿಯಿಟ್ಟ ಬ್ಯಾಟರಿಯಲ್ಲಾದರೆ ಚಾರ್ಜ್ ಆಗುತ್ತಿರುವಾಗಲೇ ಇದನ್ನು ನೋಡಬಹುದು.

1997ರಲ್ಲಿ ಗುಡ್‌ಇನಫ್ ಮತ್ತು ಭಾರತ ಮೂಲದ ಅಕ್ಷಯ ಪಾಢಿ ಮತ್ತಿತರರು ಕಬ್ಬಿಣ-ಫಾಸ್ಫೇಟಿನ ಕ್ಯಾಥೋಡನ್ನು ಪ್ರಕಟಿಸಿದರು. ಇಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದಿರುತ್ತದೆ, ಬಿಸಿಯಾದರೂ ಸುಲಭದಲ್ಲಿ ಬಿಡದು. ಆ ಹಿಡಿತದ ಗುರುತು 950ರ ಸಮೀಪದ ಗೆರೆ. ಆದರೆ ಈ ಪುಡಿಗೆ ಇದ್ದಿಲಿನ ಲೇಪನವಿರುವುದರಿಂದ ಗೆರೆ ಎಷ್ಟೋ ಸಲ ಮಸುಕಾಗುತ್ತದೆ. ರಾಮನ್ ಬೆಳಕು ಮೇಲ್ಮೈಯನ್ನಷ್ಟೇ ಹೇಳುತ್ತದೆ. ಆಳದ ಸಂಗತಿಗೆ ಎಕ್ಸ್-ರೇ ಬೇಕು.

ಆದ್ದರಿಂದ ಅಂಗಡಿಯಲ್ಲಿ 'ಲೀಥಿಯಂ' ಎಂದಷ್ಟೇ ಕೇಳಿ ಬರಬೇಡಿ, ಯಾವ ಲೀಥಿಯಂ ಎಂದು ಕೇಳಿ. 'ಎಲ್‌ಎಫ್‌ಪಿ' ಎಂದು ಬರೆದಿದ್ದರೆ ಕಬ್ಬಿಣ-ಫಾಸ್ಫೇಟಿನದು. ಅದರಲ್ಲೂ ಹೊತ್ತಿಕೊಳ್ಳುವ ದ್ರವ ಇದ್ದೇ ಇದೆ, ಹಾಗಾಗಿ ಅದಕ್ಕೆ ಹೇಳಿದ ಚಾರ್ಜರನ್ನೇ ಬಳಸಿ, ಗಾಳಿಯಾಡುವಲ್ಲಿಡಿ. ಇನ್ನು ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಪಿನ್ನಿನಿಂದ ಚುಚ್ಚಿ 'ಗಾಳಿ ತೆಗೆಯುವ' ಮಕ್ಕಳಿದ್ದಾರೆ. ಇವತ್ತೇ ಅವರ ಕೈಯಿಂದ ತೆಗೆದಿಡಿ.