ಮಡಕೆಯ ಚೂರು ಹೇಳುವ ನ್ಯಾಯ

ಒಬ್ಬನನ್ನು ಸಮಾಜದಿಂದ ಹೊರಗಿಡುವುದಕ್ಕೆ ಇಂಗ್ಲಿಷಿನಲ್ಲಿ ‘ಆಸ್ಟ್ರಸಿಸಂ’ ಎಂಬ ಶಬ್ದವಿದೆ. ನಾವು ಅದನ್ನು ‘ಬಹಿಷ್ಕಾರ’ವೆಂದು ಅನುವಾದಿಸಿ ಸುಮ್ಮನಾಗುತ್ತೇವೆ. ಮೂಲವನ್ನು ಕೆದಕಿದರೆ ಎರಡೂ ಒಂದೇ ಅಲ್ಲವೆಂಬುದು ತಿಳಿಯುತ್ತದೆ.

ಗ್ರೀಕರ ‘ಆಸ್ಟ್ರಕಾನ್’ ಎಂದರೆ ಒಡೆದ ಮಡಕೆಯ ಚೂರು. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನಲ್ಲಿ, ಯಾರನ್ನಾದರೂ ಊರಿನಿಂದ ಹೊರಗೆ ಕಳುಹಿಸುವ ಅಗತ್ಯವಿದೆಯೇ ಎಂದು ಪ್ರಜೆಗಳು ವರ್ಷಕ್ಕೊಮ್ಮೆ ಕೇಳಿಕೊಳ್ಳುತ್ತಿದ್ದರು. ಇದೆಯೆಂದು ತೀರ್ಮಾನವಾದರೆ, ಮತ್ತೊಂದು ದಿನ ಒಬ್ಬೊಬ್ಬರೂ ತಮಗೆ ಬೇಡವಾದವನ ಹೆಸರನ್ನು ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಇದಕ್ಕೆ 6000 ಚೂರುಗಳು ಬೇಕಾಗಿದ್ದವು. ಆಯ್ಕೆಯಾದವನು ಹತ್ತು ವರ್ಷ ಊರು ಬಿಡಬೇಕು. ಆದರೆ ಅವನ ಆಸ್ತಿ ಅವನದೇ. ಅವಧಿ ಮುಗಿದ ಮೇಲೆ ಮಾನವಂತನಾಗಿಯೇ ಮರಳಬಹುದಿತ್ತು. ಆ ಶಿಕ್ಷೆಯ ಗುರಿ ದುರ್ಬಲರಲ್ಲ, ಅರಿಸ್ಟೈಡೀಸ್, ಥೆಮಿಸ್ಟೋಕ್ಲೀಸರಂಥ ಪ್ರಬಲ ನಾಯಕರು. ಅದರಲ್ಲಿಯೂ ಕುತಂತ್ರವಿಲ್ಲದಿರಲಿಲ್ಲ. ಅಥೆನ್ಸಿನ ಒಂದು ಬಾವಿಯಲ್ಲಿ ಥೆಮಿಸ್ಟೋಕ್ಲೀಸನ ಹೆಸರುಳ್ಳ ಸುಮಾರು 190 ಚೂರುಗಳು ದೊರೆತಿವೆ. ಬರೆದ ಕೈಗಳು ಮಾತ್ರ ಕೆಲವೇ. ಗುಂಪುಗಾರಿಕೆ ಇಂದಿನ ಆವಿಷ್ಕಾರವೇನೂ ಅಲ್ಲ!

ನಮ್ಮಲ್ಲಿಯೂ ಮಡಕೆ ಒಡೆಯುವ ಪದ್ಧತಿಯಿತ್ತು. ಬದುಕಿರುವವರನ್ನು ಸತ್ತವರೆಂದು ಸಾರುವ ‘ಘಟಶ್ರಾದ್ಧ’ವನ್ನು ಅನಂತಮೂರ್ತಿಯವರ ಕಥೆಯಿಂದ, 1977ರಲ್ಲಿ ಗಿರೀಶ ಕಾಸರವಳ್ಳಿಯವರು ಮಾಡಿದ ಚಿತ್ರದಿಂದ ಓದುಗರು ಬಲ್ಲರು. ಇಲ್ಲಿ ಮತದ ಎಣಿಕೆಯಿಲ್ಲ, ಅವಧಿಯಿಲ್ಲ, ಮರಳುವ ದಾರಿಯಿಲ್ಲ. ಗುರಿಯಾದವಳು ಪ್ರಬಲಳಲ್ಲ, ಒಬ್ಬ ಬಾಲವಿಧವೆ. ಅಥೆನ್ಸಿನ ಬಹಿಷ್ಕಾರ ಮೇಲಿನವರತ್ತ ಏರಿದರೆ ನಮ್ಮದು ಕೆಳಗಿನವರತ್ತ ಇಳಿಯಿತು.

ನಾವು ನೆಲೆಸಿರುವ ಈ ಕೊಂಕಣದ ನೆಲಕ್ಕೂ ಆ ಇತಿಹಾಸವಿದೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಡಾ. ಅಂಬೇಡ್ಕರರು ತಮ್ಮ ಜನರೊಡನೆ ಮುಟ್ಟಿದಾಗ ಸನಾತನಿಗಳು ಆ ಕೆರೆಯನ್ನು ‘ಶುದ್ಧೀಕರಿಸಿದರು’. ಎರಡು ವಾರಗಳಲ್ಲಿ ಅವರು ಆರಂಭಿಸಿದ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’. ಮರಾಠಿಯಲ್ಲಿ ‘ವಾಳೀತ್ ಟಾಕಣೆ’ ಎಂಬ ನುಡಿಗಟ್ಟು ಇಂದಿಗೂ ಜೀವಂತವಾಗಿದೆ. ಡೊಂಬಿವಲಿಯ ಕನ್ನಡಿಗರು ಅದನ್ನು ನೆರೆಹೊರೆಯವರ ಬಾಯಲ್ಲಿ ಕೇಳಿಯೇ ಇರುತ್ತಾರೆ.

ಕಾನೂನು ಇಲ್ಲದಿಲ್ಲ. 1949ರಲ್ಲಿ, ಧಾರವಾಡ, ಬಿಜಾಪುರ, ಬೆಳಗಾವಿಗಳೂ ಮುಂಬಯಿ ಪ್ರಾಂತದಲ್ಲಿದ್ದಾಗ, ಬಹಿಷ್ಕಾರ ನಿಷೇಧದ ಶಾಸನವೊಂದು ಬಂದಿತ್ತು. ಧಾರ್ಮಿಕ ಪಂಗಡಗಳ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಅದನ್ನು ತಳ್ಳಿಹಾಕಿತು. ಮಹಾರಾಷ್ಟ್ರ ವಿಧಾನಮಂಡಲ 2016ರಲ್ಲಿ ಅಂಗೀಕರಿಸಿದ ಸಾಮಾಜಿಕ ಬಹಿಷ್ಕಾರ ನಿಷೇಧ ಕಾಯಿದೆ 2017ರ ಜುಲೈಯಲ್ಲಿ ಜಾರಿಗೆ ಬಂತು. ಅಪರಾಧಿಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ ಹೊರನಾಡಿನ ನಮ್ಮ ನಡುವೆ ನಡೆಯುವ ಬಹಿಷ್ಕಾರಕ್ಕೆ ಪಂಚಾಯಿತಿ ಬೇಕಿಲ್ಲ, ಘೋಷಣೆಯೂ ಬೇಕಿಲ್ಲ. ಮಗಳು ಅನ್ಯಜಾತಿಯವನನ್ನು ಮದುವೆಯಾದ ಮನೆಗೆ ಅರಿಶಿನ ಕುಂಕುಮದ ಕರೆ ನಿಲ್ಲುತ್ತದೆ. ಸಂಘದ ಲೆಕ್ಕಪತ್ರ ಕೇಳಿದವನಿಗೆ ರಾಜ್ಯೋತ್ಸವದ ಆಮಂತ್ರಣ ‘ಅಂಚೆಯಲ್ಲಿ ಕಳೆದುಹೋಗುತ್ತದೆ’. ಕಾಯಿದೆಯ ಕೈಗೆ ಸುಲಭವಾಗಿ ಸಿಗದ ಈ ಮೌನವೇ ಹೆಚ್ಚು ಕ್ರೂರವಾದುದು. ಊರು ಬಿಟ್ಟು ಬಂದವನಿಗೆ ಇಲ್ಲಿ ಊರೆಂದರೆ ಸಂಘವೇ. ಅದೂ ಬಾಗಿಲು ಮುಚ್ಚಿದರೆ ಅವನು ಹೋಗುವುದೆಲ್ಲಿಗೆ?

ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನನಗೆ ಒಂದು ವಿಷಯ ಅಚ್ಚರಿಯೆನಿಸುತ್ತದೆ. ಕಛೇರಿಯ ಕಟ್ಟಕಡೆಯ ನೌಕರನನ್ನೂ ಆರೋಪವನ್ನು ತಿಳಿಸದೆ, ಅವನ ಮಾತನ್ನು ಆಲಿಸದೆ ಸಾಮಾನ್ಯವಾಗಿ ವಜಾ ಮಾಡುವಂತಿಲ್ಲ; ಸಂವಿಧಾನದ 311ನೆಯ ವಿಧಿ ಅವನ ಬೆನ್ನಿಗಿದೆ. ಸರ್ಕಾರ ನೌಕರನಿಗೆ ಕೊಡುವ ನ್ಯಾಯವನ್ನು ನಾವು ಬಂಧುವಿಗೆ ಕೊಡಲಾರೆವೆ?

ನನ್ನ ಸಲಹೆ ಸರಳವಾದುದು. ಲಿಖಿತ ಆರೋಪ, ಉತ್ತರಿಸುವ ಅವಕಾಶ, ಗೊತ್ತಾದ ಅವಧಿ, ಈ ಮೂರೂ ಇಲ್ಲದೆ ಯಾರ ಸದಸ್ಯತ್ವವನ್ನೂ ರದ್ದುಪಡಿಸಬಾರದೆಂದು ಪ್ರತಿಯೊಂದು ಸಂಘವೂ ತನ್ನ ನಿಯಮಾವಳಿಯಲ್ಲಿ ಬರೆದುಕೊಳ್ಳಲಿ. ಆಮಂತ್ರಣದ ಪಟ್ಟಿ ಪದಾಧಿಕಾರಿಗಳ ಇಚ್ಛೆಗೆ ಬಿಟ್ಟದ್ದಾಗದೆ ಸದಸ್ಯರ ನೋಂದಣಿ ಪುಸ್ತಕದಂತೆಯೇ ಇರಲಿ. ಎರಡೂವರೆ ಸಾವಿರ ವರ್ಷಗಳ ಹಿಂದೆ ಮಡಕೆಯ ಚೂರಿಗಿದ್ದಷ್ಟು ನಿಯಮವಾದರೂ ನಮಗಿರಬೇಡವೆ?