ಮಾತ್ರೆ ರೋಗಿಗೆ, ಮನೆಯವರಿಗೆ ಏನು?

ಶ್ರೀನಿವಾಸಪುರದಿಂದ ರಾಯಲ್ಪಾಡು ದಾಟಿ ಗಡಿಯಾಚೆ ಹೋದರೆ ಮದನಪಲ್ಲಿ. ಕ್ಷಯಕ್ಕೆ ಮಾತ್ರೆಗಳಿಲ್ಲದ ಕಾಲದಲ್ಲಿ ಅಲ್ಲಿನ ಆರೋಗ್ಯವರಂ ಆಸ್ಪತ್ರೆ ರೋಗಿಗಳಿಗೆ ಕೊಡಬಹುದಾಗಿದ್ದುದು ವಿಶ್ರಾಂತಿ, ಒಳ್ಳೆಯ ಗಾಳಿ, ಹೊಟ್ಟೆ ತುಂಬ ಊಟ. 1959ರಲ್ಲಿ ಪ್ರಕಟವಾದ ಮದ್ರಾಸ್ ಅಧ್ಯಯನ ಆ ಕ್ರಮವನ್ನು ಬದಲಿಸಿತು. ಔಷಧ ಸರಿಯಾಗಿ ತೆಗೆದುಕೊಂಡರೆ ಅರೆಹೊಟ್ಟೆಯ ಬಡವರೂ ಮನೆಯಲ್ಲೇ ಗುಣವಾಗುತ್ತಾರೆ ಎಂದು ತೋರಿಸಿದ್ದು ದೊಡ್ಡ ಉಪಕಾರವೇ. ಆದರೆ ಆಮೇಲೆ ಊಟದ ಮಾತು ಚಿಕಿತ್ಸೆಯ ಅಂಚಿಗೆ ಸರಿಯಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಅದು ಮತ್ತೆ ನಡುವಿಗೆ ಬರಬೇಕು; ರೋಗಿಗಿಂತ ಹೆಚ್ಚಾಗಿ, ರೋಗಿಯ ಜೊತೆ ಒಂದೇ ಸೂರಿನಡಿ ಮಲಗುವವರಿಗಾಗಿ.

ಕಾರಣ ರೋಗಾಣುವಿನ ಸ್ವಭಾವದಲ್ಲೇ ಇದೆ. ತನ್ನನ್ನು ನುಂಗಲು ಬಂದ ಭಕ್ಷಕ ಕೋಶದೊಳಗೇ ಅದು ಬಿಡಾರ ಹೂಡುತ್ತದೆ. ರಕ್ತದಲ್ಲಿನ ಪ್ರತಿಕಾಯಗಳು ಅಲ್ಲಿಗೆ ಸುಲಭವಾಗಿ ತಲುಪವು. ಸೋಂಕಿತ ಕೋಶ ಇಂಟರ್‌ಲ್ಯೂಕಿನ್-12, 18 ಎಂಬ ರಾಸಾಯನಿಕ ಸಂದೇಶಗಳನ್ನು ಹೊರಬಿಟ್ಟಾಗ ಮೊದಲು ಎಚ್ಚೆತ್ತುಕೊಳ್ಳುವವುಗಳಲ್ಲಿ ಎನ್‌ಕೆ ಅಥವಾ ಸಹಜ ಹಂತಕ ಕೋಶಗಳೂ ಸೇರಿವೆ. ಇವಕ್ಕೆ ರೋಗಾಣುವಿನ ಪೂರ್ವಪರಿಚಯ ಬೇಕಿಲ್ಲ. ಪರ್ಫೊರಿನ್ ಎಂಬ ಪ್ರೋಟೀನಿನಿಂದ ಸೋಂಕಿತ ಕೋಶಕ್ಕೆ ರಂಧ್ರ ಕೊರೆದು ಕೊಲ್ಲಬಲ್ಲವು. ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶವನ್ನು ಸುರಿಸಿ ಭಕ್ಷಕ ಕೋಶ ತನ್ನೊಳಗಿನ ರೋಗಾಣುವನ್ನು ತಾನೇ ಕೊಲ್ಲುವಂತೆ ಹುರಿದುಂಬಿಸಬಲ್ಲವು. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಸೋಂಕಿದ್ದೂ ಕಾಯಿಲೆ ಬೀಳದವರ ರಕ್ತದಲ್ಲಿ ಈ ಕೋಶಗಳು ಹೆಚ್ಚು. ಕಾಯಿಲೆ ಬಿದ್ದವರಲ್ಲಿ ಕಡಿಮೆ, ಚಿಕಿತ್ಸೆಯ ನಂತರ ಮತ್ತೆ ಏರುತ್ತವೆ.

ಇಲಿಗಳಲ್ಲಿ ಎನ್‌ಕೆ ಕೋಶಗಳನ್ನು ತೆಗೆದುಹಾಕಿದರೂ ಕ್ಷಯದ ರೋಗಾಣುಗಳು ಹೆಚ್ಚಲಿಲ್ಲವಲ್ಲ ಎಂದು ತಿಳಿದವರು ಕೇಳಬಹುದು. ನಿಜ. ಆದರೆ ಅವು ರೋಗಾಣುವನ್ನು ಗುರುತಿಟ್ಟು ಕಾದಾಡುವ ಟಿ-ಕೋಶಗಳು ಗಟ್ಟಿಯಾಗಿದ್ದ ಇಲಿಗಳು. ಟಿ-ಕೋಶಗಳೇ ಇಲ್ಲದ ಇಲಿಗಳಲ್ಲಿ ಸ್ವಲ್ಪಕಾಲವಾದರೂ ತಡೆ ಒಡ್ಡಿದ್ದು ಎನ್‌ಕೆ ಕೋಶಗಳೇ. ಅಪೌಷ್ಟಿಕತೆ ಕುಗ್ಗಿಸುವುದು ಟಿ-ಕೋಶಗಳೂ ಸೇರಿ ಈ ಬಗೆಯ ಕೋಶಬಲವನ್ನು. ಇನ್ನು ಮದ್ರಾಸ್ ಅಧ್ಯಯನವನ್ನೇ ಮುಂದಿಟ್ಟು ಊಟವೇಕೆ ಎನ್ನುವವರು ಒಂದನ್ನು ಮರೆಯುತ್ತಾರೆ: ಅಲ್ಲಿ ಗೆದ್ದಿದ್ದು ಔಷಧ. ಮಾಲೂರಿನ ಇಟ್ಟಿಗೆ ಗೂಡಿನ ಶೆಡ್ಡಿನಲ್ಲಿ ಕೆಮ್ಮುವ ಗಂಡನ ಪಕ್ಕದಲ್ಲೇ ಮಲಗುವ ಹೆಂಡತಿ ಔಷಧ ನುಂಗುತ್ತಿಲ್ಲದಿದ್ದರೆ ಅವಳಿಗಿರುವುದು ಅವಳ ದೇಹವೊಂದೇ. ಜಾರ್ಖಂಡ್‌ನಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ತಂಡ ಇಂಥ ಮನೆಯವರಿಗೆ ಅಕ್ಕಿ, ಬೇಳೆ ಕೊಟ್ಟು ನೋಡಿತು. 2023ರಲ್ಲಿ ಬಂದ ಫಲಿತಾಂಶ: ಹೊಸ ಕ್ಷಯ ಪ್ರಕರಣಗಳು ಶೇ. 39ರಷ್ಟು ಕಡಿಮೆ. ಅಲ್ಲಿ ಎನ್‌ಕೆ ಕೋಶ ಎಣಿಸಿರಲಿಲ್ಲ, ಒಪ್ಪೋಣ. ಕಾಯಿಲೆ ಬೀಳದ ಮನುಷ್ಯರನ್ನಂತೂ ಎಣಿಸಿದ್ದರು.

ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿದೆ. ಅದು ರೋಗಿಗೆ. ಮನೆಯವರ ಆಹಾರದ ಕಿಟ್ ದಾನಿಗಳಾದ ನಿಕ್ಷಯ್ ಮಿತ್ರರ ಮನಸ್ಸಿಗೆ ಬಿಟ್ಟದ್ದು. ಹಾಲು ಕರೆಯುವ, ರಾಗಿ, ಅವರೆ ಬೆಳೆಯುವ ಕೋಲಾರ ಜಿಲ್ಲೆಯಲ್ಲಿ ಇದು ದಾನಿಗಳ ಕೆಲಸವಾಗಬಾರದು. ಕ್ಷಯ ಪತ್ತೆಯಾದ ದಿನವೇ ಇಡೀ ಮನೆಯ ಹೆಸರು ನ್ಯಾಯಬೆಲೆ ಅಂಗಡಿಯ ಹೆಚ್ಚುವರಿ ಪಡಿತರದ ಪಟ್ಟಿಗೆ ಸೇರಲಿ. ವಲಸೆ ಕಾರ್ಮಿಕರಾದರೆ ಯಾವ ಊರಿನ ಕಾರ್ಡೆಂದು ಕೇಳದೆ ಸೇರಲಿ.